ಹಿತ್ತಲಿನ ಪೇರಲಕ್ಕೆ ಹಲ್ಲು ಸಾಲದು

ಚಳಿಗಾಲದಲ್ಲಿ ಕಲಬುರಗಿಯ ಯಾರ ಮನೆಗೆ ಹೋದರೂ ಬರಿಗೈಯಲ್ಲಿ ಕಳಿಸುವುದಿಲ್ಲ. ಹೊಲ ಇದ್ದವರು ಹಸಿ ತೊಗರಿಕಾಯಿ ಕಟ್ಟಿ ಕೊಡುತ್ತಾರೆ. ಹಿತ್ತಲು ಇದ್ದವರು ಪೇರಲ ಕೊಡುತ್ತಾರೆ. ತೊಗರಿಕಾಯಿ ಅಂದರೆ ಎಲ್ಲರಿಗೂ ಖುಷಿ. ಉಪ್ಪು ಹಾಕಿ ಕುದಿಸಿ, ಸುಲಿದು ತಿನ್ನುತ್ತಾ ಕೂತರೆ ಸಂಜೆ ಕಳೆದದ್ದೇ ಗೊತ್ತಾಗುವುದಿಲ್ಲ. ಪೇರಲದ ಚೀಲ ಚಾಚಿದರೆ ಮಾತ್ರ ಸುಮ್ನೆ ಮುಖ ನೋಡುತ್ತಾರೆ. "ನಮ್ಮನಿಗೂ ಒಂದ್ ಗಿಡ ಅದ ರೀ" ಅನ್ನುತ್ತಾರೆ. ಅಲ್ಲಿಗೆ ನಮ್ಮ ಚೀಲ ನಮಗೇ ಉಳಿಯಿತು.

ಪೇರಲ ಗಿಡ ವರ್ಷಕ್ಕೆ ಮುಖ್ಯವಾಗಿ ಎರಡು ಸಲ ಕಾಯಿ ಬಿಡುತ್ತದೆ. ಮಳೆಗಾಲದ್ದು ಹೆಸರಿಗಷ್ಟೇ. ರುಚಿ ನೀರು ನೀರು. ಅದರ ಮೇಲೆ ಹಣ್ಣಿನ ನೊಣ ಸಿಪ್ಪೆ ಚುಚ್ಚಿ ಒಳಗೆ ಮೊಟ್ಟೆ ಇಟ್ಟು ಹೋಗಿರುತ್ತದೆ. ಹೋಳು ಮಾಡಿ ನೋಡದೆ ಕಚ್ಚುವ ಧೈರ್ಯ ಯಾರಿಗೂ ಇಲ್ಲ. ಚಳಿಗಾಲದ ಬೆಳೆಯೇ ನಿಜವಾದ ಬೆಳೆ. ಅದಕ್ಕಾಗಿ ತೋಟದವರು ಬೇಸಿಗೆಯಲ್ಲಿ ಬೇಕಂತಲೇ ನೀರು ನಿಲ್ಲಿಸುತ್ತಾರೆ. ಗಿಡ ಎಲೆ ಉದುರಿಸಿ ಸೊರಗುತ್ತದೆ. ಮೃಗಶಿರಾ ಮಳೆ ಬಿದ್ದ ಕೂಡಲೇ ಚಿಗುರಿ ಹೂ ಬಿಡುತ್ತದೆ. ಕಾರ್ತಿಕ ಕಳೆಯುವಷ್ಟರಲ್ಲಿ ಕಾಯಿ ಬಲಿಯುತ್ತದೆ. ನಮ್ಮೂರಲ್ಲಿ ಇಷ್ಟೆಲ್ಲ ಜಾಣತನ ಬೇಕಾಗಿಲ್ಲ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು. ಕುಡಿಯುವ ನೀರಿಗೇ ಕೊಡ ಹಿಡಿದು ಕಾಯುವಾಗ ಗಿಡಕ್ಕೆ ಯಾರು ಹಾಕುತ್ತಾರೆ? ನಾವು ಮರೆತುಬಿಟ್ಟದ್ದನ್ನೇ ಗಿಡ ಆರೈಕೆ ಅಂದುಕೊಂಡು ಡಿಸೆಂಬರ್‌ನಲ್ಲಿ ಕೊಂಬೆ ಬಾಗುವಂತೆ ಕಾಯಿ ಬಿಡುತ್ತದೆ.

ನಮ್ಮದು ಲಖನೌ-49 ಜಾತಿ. ಹೆಸರಿನಲ್ಲಿ ಲಖನೌ ಇದ್ದರೂ ಹುಟ್ಟಿದ್ದು ಪುಣೆಯ ಗಣೇಶಖಿಂಡದಲ್ಲಿ. ಅಲಹಾಬಾದ್ ಸಫೇದಾದ ಬೀಜದಿಂದ ಎದ್ದ ಸಸಿಗಳಲ್ಲಿ ಆರಿಸಿ ತೆಗೆದದ್ದು. ಸರ್ದಾರ್ ಅಂತಲೂ ಕರೆಯುತ್ತಾರೆ. ಸಿಪ್ಪೆ ಉಬ್ಬುತಗ್ಗು, ತಿರುಳು ಬಿಳಿ, ರುಚಿಗೆ ಎರಡು ಮಾತಿಲ್ಲ. ಬೀಜ ಮಾತ್ರ ಹಲ್ಲಿಗೆ ಸವಾಲು.

ಈ ಹಣ್ಣಿನ ಮುಖ್ಯ ತಕರಾರು ಎಂದರೆ ಅದು ಕಾಯುವುದಿಲ್ಲ. ಬೆಳಿಗ್ಗೆ ಹಸಿರು, ನಾಳೆ ತಿಳಿ ಹಳದಿ, ನಾಡಿದ್ದು ಇಡೀ ಮನೆಯೇ ಘಮ್ ಅನ್ನುತ್ತದೆ. ಅದರ ಮರುದಿನ ಬುಟ್ಟಿಯ ತಳ ಒದ್ದೆ. ಒಂದು ಹಣ್ಣಾದರೆ ಅದರಿಂದ ಹೊರಡುವ ಗಾಳಿ ಪಕ್ಕದ್ದನ್ನೂ ಹಣ್ಣು ಮಾಡುತ್ತದೆ. ಫ್ರಿಜ್‌ನಲ್ಲಿಟ್ಟರೆ ಹಾಲು, ಹಿಟ್ಟು, ಬೆಣ್ಣೆ ಎಲ್ಲಕ್ಕೂ ಅದೇ ವಾಸನೆ. ಒಮ್ಮೆ ಪೇರಲ ವಾಸನೆಯ ಚಹಾ ಕುಡಿದ ಮೇಲೆ ನಮ್ಮ ಯಜಮಾನರು ಅದಕ್ಕೆ ಫ್ರಿಜ್ ಪ್ರವೇಶ ನಿಷೇಧಿಸಿದ್ದಾರೆ.

ಹಾಗಾಗಿ ನನ್ನ ಪಕ್ಷ ದೋರಗಾಯಿಯದು. ಕಾಯಿಯೂ ಅಲ್ಲ, ಹಣ್ಣೂ ಅಲ್ಲ. ಉಗುರು ಒತ್ತಿದರೆ ಇಳಿಯಬಾರದು, ಮೂಗಿಗೆ ಹಿಡಿದರೆ ಸಣ್ಣಗೆ ವಾಸನೆ ಬರಬೇಕು. ಹಣ್ಣಾದದ್ದು ಬಾಯಿಗೆ ಚೆನ್ನ, ಒಲೆಗೆ ಅಲ್ಲ. ಜೆಲ್ಲಿ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಪೇರಲದಲ್ಲಿ ಧಾರಾಳವಾಗಿದೆ. ಆದರೆ ಅದು ಜಾಸ್ತಿ ಇರುವುದು ಬಲಿತ ದೋರಗಾಯಿಯಲ್ಲಿ. ಹಣ್ಣು ಮೆತ್ತಗಾಗುತ್ತಾ ಹೋದ ಹಾಗೆ ಪೆಕ್ಟಿನ್ ಒಡೆಯುತ್ತದೆ, ಹುಳಿಯೂ ತಗ್ಗುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಬರುವುದು ಪಾಕವೇ ಹೊರತು ಜೆಲ್ಲಿಯಲ್ಲ.

ಜೆಲ್ಲಿ ಮಾಡುವುದು ಕಷ್ಟವಲ್ಲ, ಸುಮ್ಮನಿರುವುದು ಕಷ್ಟ. ಸಿಪ್ಪೆ ತೆಗೆಯದೆ ಹೋಳು ಮಾಡಿ, ಮುಳುಗುವಷ್ಟು ನೀರು ಹಾಕಿ, ಅರ್ಧ ಗಂಟೆ ಬೇಯಿಸಬೇಕು. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಬೋಗುಣಿಯ ಮೇಲೆ ರಾತ್ರಿಯಿಡೀ ತೂಗುಹಾಕಬೇಕು. ರಸ ತಾನಾಗಿಯೇ ತೊಟ್ಟಿಕ್ಕಬೇಕು. ಹಿಂಡಿದರೆ ತಿರುಳೂ ಇಳಿದು ಜೆಲ್ಲಿ ಮಬ್ಬಾಗುತ್ತದೆ. ನಮ್ಮ ಅತ್ತೆಗೆ ಇದು ತಡೆಯಲಾಗದ ಸಂಕಟ. "ಅಷ್ಟ್ ರಸ ಅರಬ್ಯಾಗ ಉಳಸ್ತಾರೇನವ್ವ?" ಅನ್ನುತ್ತಾ ನಡುರಾತ್ರಿ ಎದ್ದು ಬಂದು ಗಂಟು ಮುಟ್ಟಿ ನೋಡುತ್ತಾರೆ. ಅವರು ಮಲಗುವ ಕೋಣೆಯಿಂದ ದೂರ ಕಟ್ಟುವುದು ನಾನು ಕಂಡುಕೊಂಡ ಉಪಾಯ.

ಬೆಳಿಗ್ಗೆ ಆ ರಸಕ್ಕೆ ಹೆಚ್ಚುಕಡಿಮೆ ಅದರಷ್ಟೇ ಸಕ್ಕರೆ, ಸ್ವಲ್ಪ ನಿಂಬೆರಸ. ನೋಡನೋಡುತ್ತಾ ಬಣ್ಣ ತಿರುಗುತ್ತದೆ. ಬಿಳಿ ಪೇರಲದ ರಸವೂ ಕುದಿಯುತ್ತಾ ಕೆಂಪಾಗುವುದು ನನಗೆ ಪ್ರತಿ ವರ್ಷವೂ ಹೊಸದೇ. ಪುಸ್ತಕದಲ್ಲಿ 105 ಡಿಗ್ರಿ ಮುಟ್ಟಿದಾಗ ಇಳಿಸಿ ಎಂದಿರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ನೂರು ಡಿಗ್ರಿಗಿಂತ ಸ್ವಲ್ಪ ಮೊದಲೇ ಕುದಿಯುತ್ತದೆ. ಹಾಗಾಗಿ ನೀರು ಕುದಿಯುವ ಶಾಖಕ್ಕಿಂತ ನಾಲ್ಕೈದು ಡಿಗ್ರಿ ಜಾಸ್ತಿ ಅಂತ ಹಿಡಿದರೆ ಸರಿ. ಥರ್ಮಾಮೀಟರ್ ಇಲ್ಲದವರು ತಣ್ಣಗಿನ ತಟ್ಟೆಗೆ ಒಂದು ಹನಿ ಹಾಕಿ ಬೆರಳಿನಿಂದ ತಳ್ಳಲಿ. ಸುಕ್ಕು ಬಿದ್ದರೆ ಆಯಿತು.

ಸಕ್ಕರೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಇತ್ತೀಚೆಗೆ ಎಲ್ಲರೂ "ಸಕ್ಕರಿ ಕಮ್ಮಿ ಹಾಕ್ರಿ" ಅನ್ನುತ್ತಾರೆ. ಹಾಕಬಹುದು, ಆದರೆ ಅದು ಜೆಲ್ಲಿ ಆಗುವುದಿಲ್ಲ, ಉಳಿಯುವುದೂ ಇಲ್ಲ. ಸಿದ್ಧವಾದ ಜೆಲ್ಲಿಯಲ್ಲಿ ನೂರಕ್ಕೆ 65ರಷ್ಟು ಸಿಹಿ ಇದ್ದಾಗಲೇ ಬೂಷ್ಟಿಗೆ ಬೇಕಾದ ನೀರು ಸಿಗದೆ ಅದು ಬೆಳೆಯಲಾರದು. ಆರೋಗ್ಯ ಬೇಕಿದ್ದವರು ಜೆಲ್ಲಿಯನ್ನು ಕಡಿಮೆ ತಿನ್ನಲಿ, ಕಡಿಮೆ ಸಕ್ಕರೆಯ ಜೆಲ್ಲಿ ಕೇಳುವುದು ಬೇಡ.

ಗಂಟಿನಲ್ಲಿ ಉಳಿದ ತಿರುಳನ್ನು ಎಸೆಯಬಾರದು. ಜರಡಿಯಲ್ಲಿ ಉಜ್ಜಿ ಬೀಜ ತೆಗೆದು, ಸಕ್ಕರೆ ಹಾಕಿ, ತುಪ್ಪ ಬಿಟ್ಟು, ತಳ ಬಿಡುವವರೆಗೆ ಕೈಯಾಡಿಸಿ ತಟ್ಟೆಗೆ ಸುರಿದು ವಡಿ ಕತ್ತರಿಸಬಹುದು. ಗೋವಾದಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಪೆರಾಡ್ ಇದರ ಅಣ್ಣ. ಅಮೆರಿಕ ಖಂಡದ ಈ ಹಣ್ಣನ್ನು ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರು ತಾನೆ. ಕೈ ನೋವು ಜಾಸ್ತಿ, ಅಷ್ಟೇ. ಉಪ್ಪಿನಕಾಯಿಯೂ ಆಗುತ್ತದೆ. ಆದರೆ ಮಾವಿನಕಾಯಿಯ ಹುಳಿ ಇದಕ್ಕಿಲ್ಲ, ನಿಂಬೆರಸ ಧಾರಾಳ ಬೇಕು, ವರ್ಷ ಬಾಳುವ ನಂಬಿಕೆ ಬೇಡ.

ಊಟಕ್ಕೆ ದೋರಗಾಯಿಯ ಪಲ್ಯ. ಬೀಜದ ಭಾಗ ಕೆತ್ತಿ ತೆಗೆದು ಹೋಳು ಮಾಡಿ, ಸಾಸಿವೆ ಜೀರಿಗೆ ಒಗ್ಗರಣೆಗೆ ಹಾಕಿ, ಮಸಾಲಿ ಖಾರ, ಚೂರು ಬೆಲ್ಲ, ಕೊನೆಗೆ ಗುರೆಳ್ಳು ಪುಡಿ. ಬಿಸಿ ಜೋಳದ ರೊಟ್ಟಿಗೆ ಇದನ್ನು ಬಡಿಸಿದಾಗ ಬೆಂಗಳೂರಿನಿಂದ ಬಂದ ನೆಂಟರು "ಹಣ್ಣಿನ ಪಲ್ಯನಾ?" ಅಂತ ಹುಬ್ಬೇರಿಸಿದರು. ಎರಡನೇ ಸಲ ಬಡಿಸುವಾಗ ಯಾರೂ ಬೇಡ ಅನ್ನಲಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಅಡುಗೆಯ ಎಡೆ ಚೆಲ್ಲಲು, ಹೋಗುವಾಗ ಸಜ್ಜೆ ರೊಟ್ಟಿ ಜೊತೆಗೆ ಭಜ್ಜಿ ಪಲ್ಯ ಇರಲೇಬೇಕಲ್ವಾ? ಆ ದಿನ ಸಿಕ್ಕ ಕಾಳು, ಕಾಯಿ, ಸೊಪ್ಪು ಎಲ್ಲ ಅದರಲ್ಲಿ ಬೀಳುತ್ತವೆ. ನಮ್ಮ ಮನೆಯಲ್ಲಿ ಎರಡು ದೋರಗಾಯಿ ಪೇರಲವೂ ಬೀಳುತ್ತವೆ. ಹೇಳದೆ ಹೋದರೆ ಗೊತ್ತಾಗುವುದಿಲ್ಲ, ಹೇಳಿದರೆ ಎಲ್ಲರೂ ಅದನ್ನೇ ಹುಡುಕುತ್ತಾರೆ.

ಮಕ್ಕಳಿಗೆ ಮಾತ್ರ ಚಳಿಗಾಲದಲ್ಲಿ ಪೇರಲ ತಿಂದರೆ ನೆಗಡಿ ಎಂಬ ಬೆದರಿಕೆ ಇನ್ನೂ ಇದೆ. ಕಿತ್ತಳೆಗಿಂತ ಮೂರು ನಾಲ್ಕು ಪಟ್ಟು ವಿಟಮಿನ್ ಸಿ ಇರುವ ಹಣ್ಣಿಗೆ ಈ ಅಪವಾದ! ಗಿಳಿ ಕಚ್ಚಿದ್ದು ಸಿಹಿ ಅಂತ ನಾವು ಚಿಕ್ಕವರಿದ್ದಾಗ ಹುಡುಕಿ ತಿನ್ನುತ್ತಿದ್ದೆವು. 2018ರಲ್ಲಿ ಕೇರಳದ ನಿಪಾ ಸುದ್ದಿ ಬಂದ ಮೇಲೆ ಕಚ್ಚಿದ ಹಣ್ಣೆಲ್ಲ ಮಣ್ಣಿಗೆ. ಗಿಳಿಯೋ ಬಾವಲಿಯೋ ಯಾರು ನೋಡಿದರು, ಅದು ಸರಿಯೇ.

ತೀರಾ ಮೆತ್ತಗಾದದ್ದನ್ನು ಬಾಜೂಮನೆಯ ಖಾಲಾ ಒಯ್ಯುತ್ತಾರೆ. ಜರಡಿ ಹಿಡಿದು, ತಣ್ಣನೆ ಹಾಲು ಸಕ್ಕರೆ ಬೆರೆಸಿ ಮೊಮ್ಮಕ್ಕಳಿಗೆ ಕುಡಿಸುತ್ತಾರೆ. "ನಿಮ್ದು ಜೆಲ್ಲಿ ಯಾರ್ ಮಾಡ್ತಾರ ಅಕ್ಕಾ, ಅಷ್ಟೊತ್ತು!" ಅನ್ನುತ್ತಾರೆ. ಜೆಲ್ಲಿ ಬಾಟಲಿ ಕೊಟ್ಟರೆ ಬೇಡ ಅನ್ನುವುದಿಲ್ಲ. ಬಾಟಲಿ ವಾಪಸ್ ಬರುವುದೂ ಇಲ್ಲ.

ಅತ್ತೆಗೆ ಈಗ ಹಲ್ಲಿಲ್ಲ. ದೋರಗಾಯಿ ಕಚ್ಚಲಾಗುವುದಿಲ್ಲ, ಹಣ್ಣಾದದ್ದು ಇಷ್ಟವಿಲ್ಲ. ರೊಟ್ಟಿಗೆ ಜೆಲ್ಲಿ ಸವರಿ ಕೊಟ್ಟರೆ ತಟ್ಟೆ ಪಕ್ಕಕ್ಕೆ ಸರಿಸಿ, "ಈ ಸಕ್ಕರಿ ನೀವ ತಿನ್ರಿ. ನನಗ ಒಂದ್ ಕಾಯಿ ಹೆರದ್ ಕೊಡ್ರಿ, ಉಪ್ಪು ಖಾರ ಹಾಕಿ" ಅನ್ನುತ್ತಾರೆ. ಬೀಜದ ಭಾಗ ಬಿಟ್ಟು ಸುತ್ತಲಿನ ತಿರುಳು ಹೆರೆದು, ಉಪ್ಪು, ಖಾರ, ಎರಡು ಹನಿ ನಿಂಬೆ, ಮೇಲೆ ಕುಟ್ಟಿದ ಶೇಂಗಾ. ಅವರ ಬಟ್ಟಲು ನೋಡಿ ಮಗನಿಗೂ ಬೇಕು, ಯಜಮಾನರಿಗೂ ಬೇಕು. ಈ ವರ್ಷ ಅರ್ಧ ಬುಟ್ಟಿ ಹೀಗೇ ಖಾಲಿಯಾಯಿತು. ತೊಳೆದು ಬಿಸಿಲಿಗೆ ಇಟ್ಟಿದ್ದ ಬಾಟಲಿಗಳಲ್ಲಿ ಒಂದಷ್ಟಕ್ಕೆ ಅಗಸಿ ಹಿಂಡಿ (ಅಗಸೆಯ ಚಟ್ನಿಪುಡಿ) ತುಂಬಿದ್ದೇನೆ.