ಗುಲಾಬಿ ಬಣ್ಣ ಬಂತೋ ಇಲ್ಲೋ

ಹುಬ್ಬಳ್ಳಿ ಗೋಕುಲ ರೋಡಿನ ಫ್ಯಾಕ್ಟರ್ಯಾಗ ದಿನಾ ದುಡುದು, ಚಿಗರಿ ಬಸ್ಸಿನ್ಯಾಗ ಜೋತಾಡ್ಕೋತ ಧಾರವಾಡಕ್ಕ ಬಂದು, ರಾತ್ರಿ ಮೊಬೈಲ್‌ನ್ಯಾಗ ಕಾಲೇಜಿನ ಕೆಮಿಸ್ಟ್ರಿ ಪ್ರಾಕ್ಟಿಕಲ್ ವಿಡಿಯೋ ನೋಡೂದಂದ್ರ ಏನ್ ಹೇಳಲಿ! ಫಿನಾಲ್ಫ್ತಲೀನ್ ಅನ್ನೋ ಬಣ್ಣ ಬದಲಿಸೋ ಸೂಚಕ ಹಾಕಿದ ಆಮ್ಲಕ್ಕ ಕ್ಷಾರ ಹನಿಹನಿ ಬೀಳಬೇಕು, ಆಮ್ಲ-ಕ್ಷಾರದ ಅಳತಿ ಪಿಎಚ್ 8.2 ದಾಟಿದ ಮ್ಯಾಲೆ ತೆಳು ಗುಲಾಬಿ ಬರಬೇಕು. ಒಂದ್ ಹನಿ ಹೆಚ್ಚಾದ್ರ ಬಣ್ಣ ಕಡು, ಲೆಕ್ಕ ಹಾಳು. ಸರಿಯಾಗಿ ಆ ಹನಿ ಬೀಳೂ ಹೊತ್ತಿಗೇ ವಿಡಿಯೋ ಗರಗರ ತಿರಗತೈತಿ! ಹನಿ ಬಿಡೂ ಗಾಜಿನ ನಳಿಗಿ, ಅದ ಬ್ಯುರೆಟ್, ಕೈಯಾಗ ಹಿಡದಿಲ್ಲ, ಆದ್ರ ರೀಡಿಂಗ್ ಬರದು ಕಳಸ್ಬೇಕಂತ, ಅದೂ ರಾತ್ರಿ ಹನ್ನೆರಡರೊಳಗ. ಸೆಕೆಂಡ್ ಶಿಫ್ಟ್ ಇದ್ದವ್ರು ಏನ್ ಮಾಡ್ಬೇಕ್ರಿ? ರಜಾ ಕೇಳಿದ್ರ ಸಾಹೇಬ್ರು, ‘ಈ ವಯಸ್ಸಿನ್ಯಾಗ ಕಾಲೇಜ್ ಯಾಕೋ ನಿನಗ’ ಅಂತಾರ. ಫೀಸ್‌ನ್ಯಾಗ ಮಾತ್ರ ಲ್ಯಾಬ್ ಚಾರ್ಜ್ ಮರೀದ ಸೇರಸ್ಯಾರ ನೋಡ್ರಿ. ಯಾವ ಲ್ಯಾಬೋ, ಎಲ್ಲೈತೋ!