ನಲವತ್ತೆರಡನೇ ಚೀಲ

ಭಾನುವಾರ ಬೆಳಗ್ಗೆ ಬೆಣ್ಣೆ ದೋಸೆಗೆ ಸೇರುವ ನಮ್ಮ ಗುಂಪಿನಲ್ಲಿ ನಾಲ್ಕೇ ಜನ. ಒಬ್ಬ ಬೆಂಗಳೂರಿನ ಕಂಪನಿಗೆ ದಾವಣಗೆರೆಯ ಮನೆಯಿಂದಲೇ ಕೆಲಸ ಮಾಡುತ್ತಾನೆ. ಇನ್ನೊಬ್ಬ ಹರಿಹರದಿಂದ ಬೈಕಿನಲ್ಲಿ ಬರುತ್ತಾನೆ. ಮತ್ತೊಬ್ಬಳು ದುರ್ಗದವಳು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನಾನು ಇಲ್ಲೇ ಊರಿನ ಅಂಗಡಿ, ಮಂಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆದುಕೊಡುವವನು. ದೋಸೆ ಬರುವ ತನಕ ಮಾತು ಒಂದೇ, ಈ ವಾರ ಯಾರ ಸಿಸ್ಟಮ್ ಬಿತ್ತು, ಯಾಕೆ ಬಿತ್ತು.

ಹರಿಹರದವನ ಮೊಬೈಲಿನಲ್ಲಿ ಒಂದು ಫೋಟೋ ಇದೆ. ಪೆನ್ನಿನಲ್ಲಿ ಬರೆದ ಬೋರ್ಡಿಂಗ್ ಪಾಸ್. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ಕಂಪನಿ ಕಳಿಸಿದ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಕೂತುಬಿಟ್ಟವಲ್ಲ, ಆವತ್ತು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಸಿಬ್ಬಂದಿ ಕೈಯಲ್ಲೇ ಪಾಸ್ ಬರೆದುಕೊಟ್ಟರು. ಅಂಥದ್ದೊಂದರ ಫೋಟೋ ಅದು. ಆ ತಂತ್ರಾಂಶದ ಒಂದು ಭಾಗ 21 ಮಾಹಿತಿ ಬರುತ್ತೆ ಅಂತ ಕಾಯುತ್ತಿತ್ತು, ಕಳಿಸುತ್ತಿದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ತನ್ನದಲ್ಲದ ಮೆಮೊರಿಗೆ ಕೈಹಾಕಿತು. "ಇಪ್ಪತ್ತು ಎಲೆ ಹಾಕಿ ಇಪ್ಪತ್ತೊಂದನೇ ಎಲೆಗೆ ಬಡಿಸಾಕೆ ಹೋದಂಗಾತು ನೋಡು" ಅಂದಳು ದುರ್ಗದವಳು. ಕಂಪನಿ ಒಂದೂವರೆ ತಾಸಿನೊಳಗೆ ಅಪ್‌ಡೇಟ್ ವಾಪಸ್ ತಗೊಂಡರೂ, ಬಿದ್ದ ಮಶೀನುಗಳನ್ನು ಎಬ್ಬಿಸಲು ಬಹಳ ಕಡೆ ಒಂದೊಂದರ ಮುಂದೆಯೂ ಮನುಷ್ಯ ಕೂರಬೇಕಾಯಿತು. ಸೇಫ್ ಮೋಡ್‌ಗೆ ಹೋಗಿ, ಆ ಫೈಲ್ ಹುಡುಕಿ, ಅಳಿಸಬೇಕಾಯಿತು.

ಆಮೇಲೆ ಮಾತು ಎಷ್ಟೋ ವೆಬ್‌ಸೈಟುಗಳಿಗೆ ಕಾವಲು ಕಾಯುವ ಕಂಪನಿ ಕ್ಲೌಡ್‌ಫ್ಲೇರ್‌ಗೆ ಹೊರಳಿತು. 2025ರ ನವೆಂಬರ್ 18ರಂದು ಎಕ್ಸ್, ಚಾಟ್‌ಜಿಪಿಟಿ ಎಲ್ಲ ತೆರೆಯದೆ ಒದ್ದಾಡಿದ್ದು ನೆನಪಿರಬಹುದು. ಡೇಟಾಬೇಸಿನ ಅನುಮತಿಯಲ್ಲಿ ಮಾಡಿದ ಒಂದು ಸಣ್ಣ ಬದಲಾವಣೆಯಿಂದ ಒಂದೇ ಸಾಲು ಎರಡೆರಡು ಸಲ ಬರತೊಡಗಿ, ಒಂದು ಫೈಲ್ ದುಪ್ಪಟ್ಟು ದಪ್ಪವಾಯಿತು. ಅದನ್ನು ಓದುವ ಪ್ರೋಗ್ರಾಮಿಗೆ 200 ಅಂಶಗಳ ಮಿತಿ ಇತ್ತು. ಮಿತಿ ದಾಟಿದ ಕೂಡಲೇ ಕುಸಿಯಿತು. ನನ್ನ ಮನಸ್ಸಿನಲ್ಲಿ ಉಳಿದದ್ದು ಇದಲ್ಲ. ಅಲ್ಲಿನ ಎಂಜಿನಿಯರುಗಳು ಮೊದಲು ಹೊರಗಿನವರು ದೊಡ್ಡ ದಾಳಿ ಮಾಡುತ್ತಿದ್ದಾರೆ ಎಂದೇ ಅನುಮಾನಪಟ್ಟಿದ್ದರು. ತಪ್ಪು ಮನೆಯೊಳಗಿನದು ಅಂತ ಗೊತ್ತಾಗಲು ಹೊತ್ತು ಹಿಡಿಯಿತು. ಗೊತ್ತಾದ ಮೇಲೆ ಅದೇ ದಿನ ಎಲ್ಲವನ್ನೂ ಬಿಡಿಸಿ ಬರೆದು ಜಗತ್ತಿನ ಮುಂದೆ ಇಟ್ಟರು. ಅದಕ್ಕೆ ನಾನು ಕೈಮುಗಿಯುತ್ತೇನೆ.

ನಮ್ಮ ವೃತ್ತಿಯವರಿಗೆ ಮೊದಲು ಹೊರಗಿನವರ ಮೇಲೆ ಅನುಮಾನ. ನೆಟ್‌ವರ್ಕ್ ಸರಿ ಇಲ್ಲ, ಪ್ರಿಂಟರ್ ಹಳೇದು, ಬಳಸೋರಿಗೆ ಬರಲ್ಲ. ಕೌಂಟರಿನ ಈಚೆ ನಿಂತ ಜನ ಇನ್ನೂ ಪಾಪ, ತಮ್ಮ ಮೇಲೆಯೇ ಅನುಮಾನಪಡುತ್ತಾರೆ. ದುರ್ಗದವಳ ತಾಯಿಗೆ ಒಂದು ಕಡೆಯಿಂದ ಬರುವ ಸಂದೇಶಗಳಲ್ಲಿ ಊರಿನ ಹೆಸರು "ಚಿತ್ರದ" ಅಂತ ಬಂದು, ಮುಂದೆ ಒಂದು ಪ್ರಶ್ನೆಚಿಹ್ನೆಯ ಡಬ್ಬಿ ಇರುತ್ತಿತ್ತು. ಎರಡು ವರ್ಷ ಆ ತಾಯಿ ತಮ್ಮ ಫೋನ್ ಕೆಟ್ಟಿದೆ ಅಂದುಕೊಂಡೇ ಇದ್ದರು. ವಿಷಯ ಇಷ್ಟೇ. ನಮ್ಮ ಕಣ್ಣಿಗೆ "ಚಿತ್ರದುರ್ಗ" ನಾಲ್ಕು ಅಕ್ಷರ. ಕಂಪ್ಯೂಟರು ಅಕ್ಷರ ಗುರುತಿಸುವ ಯೂನಿಕೋಡಿನಲ್ಲಿ ಗುಡಿಸು, ಒತ್ತು, ಕೊಂಬು ಎಲ್ಲ ಸೇರಿ ಹತ್ತು ಸಂಕೇತ. ಅದನ್ನು ಕೂಡಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್ ಜಾಗ, ಒಟ್ಟು ಮೂವತ್ತು. ಯಾರೋ ಊರಿನ ಹೆಸರಿಗೆ 20 ಬೈಟ್ ಸಾಕು ಅಂತ ಇಟ್ಟಿದ್ದರು. 18 ಬೈಟಿಗೆ "ಚಿತ್ರದ" ಮುಗಿಯುತ್ತದೆ. ಉಳಿದ ಎರಡು ಬೈಟಿನಲ್ಲಿ ಕೊಂಬು ಅರ್ಧಕ್ಕೇ ತುಂಡಾಗುತ್ತದೆ. ಮಗಳು ಟೆಸ್ಟರ್ ಆಗಿದ್ದಕ್ಕೆ ಗೊತ್ತಾಯಿತು. ಮಗಳಿಲ್ಲದ ಮನೆಯಲ್ಲಿ ಹೊಸ ಫೋನ್ ಕೊಳ್ಳುತ್ತಿದ್ದರೋ ಏನೋ.

ಈ ಬರಹಕ್ಕೆ ಕೂತದ್ದು ಮಾತ್ರ ನನ್ನ ಕೈಯಿಂದಲೇ ಆದ ಒಂದು ತಪ್ಪಿಗಾಗಿ.

ಹೋದ ದೀಪಾವಳಿ ಆದಮೇಲೆ ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ರಾಶಿ ರಾಶಿ. ನಾನು ಸಾಫ್ಟ್‌ವೇರ್ ಬರೆದುಕೊಟ್ಟ ಒಂದು ದಲಾಲಿ ಅಂಗಡಿಯಲ್ಲಿ ಪ್ರಿಂಟರ್ ಕಾಗದ ಎಳೆಯುತ್ತಿಲ್ಲ ಅಂತ ಫೋನ್ ಬಂತು, ಹೋಗಿದ್ದೆ. ಜಗಳೂರು ಕಡೆಯ ಅಜ್ಜ ಒಬ್ಬರು ಕೌಂಟರ್ ಮುಂದೆ ನಿಂತಿದ್ದರು. ಪಟ್ಟಿಯಲ್ಲಿ 41 ಚೀಲ ಅಂತಿದೆ, ತಾನು ತಂದದ್ದು 42 ಅನ್ನುತ್ತಿದ್ದಾರೆ. ಚೀಲಗಳು ಆಗಲೇ ಲಾರಿ ಹತ್ತಿ ಹೋಗಿವೆ. ಗುಮಾಸ್ತ ಕೆಟ್ಟವನಲ್ಲ, ನಿಧಾನಕ್ಕೇ ಹೇಳಿದ, "ಯಜಮಾನ್ರೆ, ಸಿಸ್ಟಮ್‌ನಾಗೆ ಹಂಗೇ ಬಂದೈತಿ. ನಾನೇನ್ ಕೈಯಾಗೆ ಬರೆದಿದ್ದಲ್ಲ."

ಅಜ್ಜ ಮಾತಾಡಲಿಲ್ಲ. ಅಂಗಿಯ ಬಲಜೇಬಿಗೆ ಕೈಹಾಕಿ ಮೆಕ್ಕೆಜೋಳದ ಕಾಳು ತೆಗೆದು ಗಾಜಿನ ಮೇಜಿನ ಮೇಲೆ ಸುರಿದರು. ಕಾಟಾದ ಮೇಲೆ ಒಂದು ಚೀಲ ಏರಿದಾಗಲೆಲ್ಲ ಒಂದು ಕಾಳನ್ನು ಎಡಜೇಬಿನಿಂದ ಬಲಜೇಬಿಗೆ ಹಾಕಿಕೊಂಡಿದ್ದರಂತೆ. ಬೆರಳಲ್ಲಿ ಐದೈದರ ಗುಂಪು ಮಾಡುತ್ತಾ ಎಣಿಸಿದರು. ಎಂಟು ಗುಂಪು, ಮೇಲೆ ಎರಡು. "ನಿನ್ನ ಸಿಸ್ಟಮ್ ಚೀಲ ನೋಡೈತೇನು ತಮ್ಮಾ? ನಾನು ನೋಡೀನಿ."

ನಾನು ಅಲ್ಲೇ ಲ್ಯಾಪ್‌ಟಾಪ್ ತೆರೆದೆ. ಹತ್ತು ನಿಮಿಷದಲ್ಲಿ ಸಿಕ್ಕಿತು. ಗುಮಾಸ್ತ ಗುಂಡಿ ಒತ್ತಿದಾಗ ಕಾಟಾದ ತೂಕ ದಾಖಲಾಗುತ್ತದೆ. ಶುರುವಿನಲ್ಲಿ ಅವಸರಕ್ಕೆ ಎರಡು ಸಲ ಒತ್ತಿ ಒಂದೇ ಚೀಲ ಎರಡಾಗಿ ಬಿದ್ದು ಸಾಹುಕಾರರು ದೂರು ಹೇಳಿದ್ದರು. ಅದಕ್ಕೆ ನಾನೊಂದು ಕಾವಲು ಹಾಕಿದ್ದೆ. ಹತ್ತು ಸೆಕೆಂಡಿನೊಳಗೆ ಅದೇ ತೂಕ ಮತ್ತೆ ಬಂದರೆ ಬಿಟ್ಟುಬಿಡು ಅಂತ. ಆವತ್ತು ಹಮಾಲರು ಎರಡು ಜೋಡಿ. ಒಂದು ಜೋಡಿ ಚೀಲ ಇಳಿಸುವುದರೊಳಗೆ ಇನ್ನೊಂದು ಜೋಡಿ ಮುಂದಿನ ಚೀಲ ಹಿಡಿದು ನಿಂತಿರುತ್ತಿತ್ತು. ಚೀಲ ತುಂಬುವವರು ಪಳಗಿದ ಕೈಯವರು, ಒಂದೇ ತೂಕಕ್ಕೆ ಸರಿಯಾಗಿ ತುಂಬುತ್ತಾರೆ. 60.50 ಕಿಲೋದ ಒಂದು ಚೀಲ, ಎಂಟು ಸೆಕೆಂಡ್ ಬಿಟ್ಟು 60.50 ಕಿಲೋದ ಇನ್ನೊಂದು ಚೀಲ. ಎರಡನೆಯದನ್ನು ನನ್ನ ಪ್ರೋಗ್ರಾಮ್ ನಂಬಲಿಲ್ಲ. ಕೆಲಸಗಾರರ ಕೈಚಳಕವನ್ನೇ ಅದು ತಪ್ಪು ಅಂತ ತಿಳಿಯಿತು. ಆವತ್ತಿನ ಧಾರಣೆಯಲ್ಲಿ ಒಂದು ಚೀಲ ಅಂದರೆ ಸಾವಿರದ ಮೇಲೆ.

ನನ್ನ ಹೊಟ್ಟೆಯಲ್ಲಿ ಕಲಕಿದ್ದು ಇನ್ನೊಂದು ವಿಷಯ. ಸಾಹುಕಾರರಿಗೆ ಒಂದು ಚೀಲದ ನಷ್ಟ ಆದಾಗ ನನಗೆ ಅದೇ ಸಂಜೆ ಫೋನ್ ಬಂದಿತ್ತು. ಗೋಡೌನಿನಲ್ಲಿ ಒಂದು ಚೀಲ ಹೆಚ್ಚಾದಾಗ ಯಾವ ಫೋನೂ ಬರಲಿಲ್ಲ. ಯಾರೂ ಮೋಸ ಮಾಡಲಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲ ಅಷ್ಟೇ. ಸಾಫ್ಟ್‌ವೇರಿಗೆ ದುಡ್ಡು ಕೊಡುವವನ ಕಡೆಗೆ ವಾಲಿದ ದೋಷ ಸದ್ದಿಲ್ಲದೆ ವರ್ಷಗಟ್ಟಲೆ ಇರಬಲ್ಲದು. ಎದುರು ನಿಂತವನ ಜೇಬಿನಲ್ಲಿ ಕಾಳು ಇದ್ದರೆ ಮಾತ್ರ ಅದು ಹೊರಬೀಳುತ್ತದೆ.

ಆ ರಾತ್ರಿ ನನಗೆ ಬ್ರಿಟನ್ನಿನ ಪೋಸ್ಟ್ ಆಫೀಸ್ ಕಂಪನಿಯ ಹೊರೈಜನ್ ಪ್ರಕರಣ ಬಿಟ್ಟೂಬಿಡದೆ ನೆನಪಾಯಿತು. ಅಲ್ಲಿ ಊರೂರಿನ ಅಂಚೆ ಶಾಖೆಗಳನ್ನು ಗುತ್ತಿಗೆಯ ಮೇಲೆ ನಡೆಸುವ ಪೋಸ್ಟ್ ಮಾಸ್ತರರಿದ್ದಾರೆ. 1999ರಿಂದ ಅವರ ಲೆಕ್ಕಕ್ಕೆ ಫುಜಿತ್ಸು ಕಂಪನಿಯ ಹೊರೈಜನ್ ಎಂಬ ತಂತ್ರಾಂಶ ಬಂತು. ಅದು ಇಲ್ಲದ ಕೊರತೆ ತೋರಿಸತೊಡಗಿತು. ಒಂದು ಕಡೆ ಪರದೆ ಮುಂದಕ್ಕೆ ಹೋಗದೆ ನಿಂತಾಗ ಎಂಟರ್ ಒತ್ತಿದಷ್ಟು ಸಲವೂ 8,000 ಪೌಂಡ್ ಹೊಸದಾಗಿ ಸೇರಿಕೊಂಡು, 24,000 ಪೌಂಡಿನ ವ್ಯತ್ಯಾಸ ನಿಂತಿತು. ನನ್ನ ಪ್ರೋಗ್ರಾಮ್ ಎರಡನ್ನು ಒಂದು ಮಾಡಿತು, ಅದು ಒಂದನ್ನು ನಾಲ್ಕು ಮಾಡಿತು. ಕೊರತೆ ಬಂದರೆ ಕೈಯಿಂದ ತುಂಬಿಕೊಡಬೇಕು, ಇಲ್ಲವೇ ಕಳ್ಳತನದ ಕೇಸು. 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆಯಾಯಿತು. ಜೈಲಿಗೆ ಹೋದವರಿದ್ದಾರೆ, ಮನೆ ಮಾರಿದವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ಸಹಾಯವಾಣಿಗೆ ಫೋನ್ ಮಾಡಿದ ಎಷ್ಟೋ ಜನರಿಗೆ ಸಿಕ್ಕ ಉತ್ತರ, ಈ ತೊಂದರೆ ನಿಮಗೊಬ್ಬರಿಗೇ, ಬೇರೆ ಯಾರಿಗೂ ಇಲ್ಲ ಎಂದು. ಅಲನ್ ಬೇಟ್ಸ್ ಎಂಬ ಪೋಸ್ಟ್ ಮಾಸ್ತರರು ಬಿಡದೆ ಜನರನ್ನು ಸೇರಿಸಿ, 555 ಮಂದಿ ಒಟ್ಟಾಗಿ ನ್ಯಾಯಾಲಯಕ್ಕೆ ಹೋಗಿ, 2019ರಲ್ಲಿ ಆ ತಂತ್ರಾಂಶದಲ್ಲಿ ದೋಷ ಇದ್ದದ್ದು ತೀರ್ಪಾಯಿತು. ಸಾಲುಸಾಲು ಶಿಕ್ಷೆಗಳನ್ನು ರದ್ದು ಮಾಡುವ ಕಾಯಿದೆ ಬಂದದ್ದು 2024ರಲ್ಲಿ. ಅಷ್ಟೂ ವರ್ಷ ಅಲ್ಲಿನ ಕಾನೂನು, ಬೇರೆ ಸಾಕ್ಷಿ ಬರುವ ತನಕ ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ಮೊದಲೇ ನಂಬಿ ಹೊರಡುತ್ತಿತ್ತು. ನಮ್ಮ ಗುಮಾಸ್ತ ಅಂದದ್ದೂ ಅದೇ ಮಾತು, "ಸಿಸ್ಟಮ್‌ನಾಗೆ ಹಂಗೇ ಬಂದೈತಿ."

ಮುಂದಿನ ಭಾನುವಾರ ಇದನ್ನೆಲ್ಲ ದೋಸೆಯ ಮುಂದೆ ಇಟ್ಟೆ. ಬೆಂಗಳೂರು ಕಂಪನಿಯವನು ಒಪ್ಪಲಿಲ್ಲ. "ಹತ್ತರಾಗೆ ಒಂಬತ್ತು ಸಲ ಬಳಸೋರದೇ ತಪ್ಪಿರ್ತೈತಿ ಕಣಲೇ. ಎಲ್ಲಾರ್ ಮಾತೂ ಕೇಳ್ಕೋತ ಕೂತ್ರೆ ಕೆಲಸ ಆಗ್ತೈತೇನು?" ಅವನು ದಿನಾ ಬಳಸೋರ ದೂರಿನ ಟಿಕೆಟ್ ನೋಡುವವನು, ಅವನ ಮಾತಿನಲ್ಲಿ ಹುರುಳಿದೆ. ಆದರೆ ಹತ್ತನೆಯವನನ್ನು ಗುರುತಿಸುವ ಬಗೆ ಯಾವುದು? ಒಂಬತ್ತು ಜನರ ಮಾತು ಕೇಳದೆ ಹತ್ತನೆಯವನು ಸಿಗುವುದಿಲ್ಲ.

2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್‌ಗೆ ತನ್ನ ಕಂಪ್ಯೂಟರಿನಲ್ಲಿ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಅರ್ಧ ಸೆಕೆಂಡ್! ನಾವಾದರೆ ನೆಟ್‌ವರ್ಕ್ ಅಂದು ಬಿಟ್ಟುಬಿಡುತ್ತಿದ್ದೆವು. ಅವರು ಬೆನ್ನುಹತ್ತಿದರು. ಎಕ್ಸ್‌ಜೆಡ್ ಎಂಬ, ಲಿನಕ್ಸ್ ಜಗತ್ತೆಲ್ಲ ಬಳಸುವ ತಂತ್ರಾಂಶದೊಳಗೆ ಯಾರೋ ತಾಳ್ಮೆಯಿಂದ ಕೊರೆದಿಟ್ಟ ಕಳ್ಳಬಾಗಿಲು ಸಿಕ್ಕಿತು. ಕಾಳಿನ ಅಜ್ಜನಿಗೂ ಅವರಿಗೂ ನನಗೆ ಹೆಚ್ಚು ಅಂತರ ಕಾಣುವುದಿಲ್ಲ. ಲೆಕ್ಕ ತಾಳೆಯಾಗದಿದ್ದಾಗ ಇಬ್ಬರೂ ತಮ್ಮ ಎಣಿಕೆಯನ್ನು ಬಿಟ್ಟುಕೊಡಲಿಲ್ಲ.

ಎಐ ಮಾತೂ ಬಂತು, ಈಗ ಅದಿಲ್ಲದೆ ಯಾವ ಟೇಬಲ್ಲೂ ಏಳುವುದಿಲ್ಲ. ಹರಿಹರದವನು ನನ್ನ ಮಂಡಿಯ ಕಥೆಯನ್ನೇ ಅದಕ್ಕೆ ಕೊಟ್ಟು, ಎರಡು ಸಲ ಒತ್ತುವುದನ್ನು ತಡೆಯುವ ಕೋಡ್ ಬರೆ ಅಂದ. ಅದು ಬರೆದದ್ದೂ ಸೆಕೆಂಡಿನ ಲೆಕ್ಕವೇ, ನನ್ನದಕ್ಕಿಂತ ಚೊಕ್ಕ. ಚೊಕ್ಕ ಕೋಡಿಗೆ ಯಾರ್ಡಿನ ಧೂಳು ಗೊತ್ತಿಲ್ಲ. ಒಂದು ಚೀಲ ಇಳಿದು ಇನ್ನೊಂದು ಏರುವ ನಡುವೆ ಕಾಟಾ ಒಮ್ಮೆ ಸೊನ್ನೆಗೆ ಬರುತ್ತದೆ, ಅದನ್ನು ನೋಡಿದರೆ ಸಾಕು, ಗಡಿಯಾರವೇ ಬೇಡ ಅಂತ ನನಗೆ ಹೇಳಿದ್ದು ಒಬ್ಬ ಹಮಾಲ. ಚೀಲದ ಕೊಕ್ಕೆ ಹೆಗಲಿಗೆ ಹಾಕಿಕೊಂಡು ನಿಂತಲ್ಲೇ ಹೇಳಿದ. ಎಐ ಬಳಸಿ, ನಾನೂ ಬಳಸುತ್ತೇನೆ. ಆದರೆ ಕೋಡ್ ಬರೆಯುವ ಕೆಲಸ ಬೇಗ ಮುಗಿದು ಉಳಿದ ಹೊತ್ತನ್ನು ಕಾಟಾದ ಪಕ್ಕ ನಿಂತು ಕಳೆಯಬೇಕು ಅಂತ ನನ್ನ ಆಸೆ.

ಈಗ ಆ ಅಂಗಡಿಯ ಪಟ್ಟಿಯಲ್ಲಿ "ರೈತರ ಎಣಿಕೆ" ಅಂತ ಒಂದು ಖಾನೆ ಸೇರಿಸಿದ್ದೇನೆ. ರೈತ ಹೇಳಿದ ಸಂಖ್ಯೆಯನ್ನು ಗುಮಾಸ್ತ ಹಾಕಲೇಬೇಕು, ತಾಳೆಯಾಗದಿದ್ದರೆ ಪಟ್ಟಿ ಪ್ರಿಂಟ್ ಆಗುವುದಿಲ್ಲ. ಸಾಹುಕಾರರು ಮೊದಲು ಮುಖ ಸಿಂಡರಿಸಿದರು, ಆಮೇಲೆ ಸುಮ್ಮನಾದರು.

ಕಾಟಾ ಕಳಿಸಿದ ಪ್ರತಿ ಅಂಕಿಯೂ ಒಂದು ಲಾಗ್ ಫೈಲಿನಲ್ಲಿ ಉಳಿದಿತ್ತು. ನಡುವೆ ಸೊನ್ನೆ ಬಂದಿದ್ದರೂ ಬಿಟ್ಟುಹೋದ ತೂಕಗಳನ್ನು ಮೂರು ರಾತ್ರಿ ಕೂತು ಹುಡುಕಿದೆ. ಅಜ್ಜನ ಚೀಲವಲ್ಲದೆ ಇನ್ನೂ ಒಂಬತ್ತು ಸಿಕ್ಕವು, ಎಂಟು ಜನ ರೈತರದು. ಆರು ಜನಕ್ಕೆ ಸಾಹುಕಾರರೇ ಫೋನ್ ಮಾಡಿ ದುಡ್ಡು ಮುಟ್ಟಿಸಿದ್ದಾರೆ. ಇಬ್ಬರ ನಂಬರ್ ಹತ್ತುತ್ತಿಲ್ಲ. ಒಬ್ಬರು ಚನ್ನಗಿರಿ ಕಡೆಯವರು, ಇನ್ನೊಬ್ಬರು ಹೊಳಲ್ಕೆರೆ ಕಡೆಯವರು. ದೀಪಾವಳಿಯಿಂದ ಈಚೆಗೆ ದಾವಣಗೆರೆ ಯಾರ್ಡಿಗೆ ಮೆಕ್ಕೆಜೋಳ ಹಾಕಿ, ಒಂದು ಚೀಲ ಕಡಿಮೆ ಬಂತು ಅಂತ ನಿಮ್ಮ ಮನೆಯಲ್ಲೋ ಊರಲ್ಲೋ ಯಾರಾದರೂ ಅಂದದ್ದು ಕಿವಿಗೆ ಬಿದ್ದಿದ್ದರೆ ನನಗೆ ಮೆಸೇಜ್ ಮಾಡಿ. ಪಟ್ಟಿ ಕಳೆದುಹೋಗಿದ್ದರೂ ಪರವಾಗಿಲ್ಲ, ಅಂದಾಜು ದಿನ ಮತ್ತು ಎಷ್ಟು ಚೀಲ ಅಂತ ಹೇಳಿದರೆ ಸಾಕು.