ಅರವತ್ತು ಡಿಗ್ರಿಯ ಲೀಟರು

ಮೈಸೂರಿನಿಂದ ಮಾಟುಂಗಾಕ್ಕೆ ಬಂದ ಹೊಸದರಲ್ಲಿ ಅಮ್ಮ ಅಂಗಡಿಗೆ ಹೋಗಿ ಒಂದು ಪಾವು ತೊಗರಿಬೇಳೆ ಕೇಳಿದರು. ಶೇಟರು ಕಾಲು ಕಿಲೋ ತೂಗಿ ಕೊಟ್ಟರು. ಅಮ್ಮನ ಪಾವು ಹಿತ್ತಾಳೆಯದು, ಅಳೆಯುವಂಥದ್ದು. ಶೇಟರ ಪಾವು ತಕ್ಕಡಿಯದು. ಪಕ್ಕದ ಬೇಕರಿಯ ಪಾವಿನೊಳಗೆ ವಡೆ ಇಡುತ್ತಾರೆ. ಮನೆಗೆ ತಂದು ಸುರಿದರೆ ಹಿತ್ತಾಳೆಯ ಪಾವು ತುಂಬಿ ಇನ್ನೂ ಒಂದು ಹಿಡಿ ಮಿಕ್ಕಿತು. ಕೇಳದೆಯೇ ಕೊಸರು ಹಾಕುವ ಧರ್ಮಾತ್ಮರು ಮುಂಬಯಿಯಲ್ಲೂ ಇದ್ದಾರೆ ಎಂದು ಅಮ್ಮ ಇಡೀ ಕಟ್ಟಡಕ್ಕೆ ಸಾರಿದರು. ಗ್ರಾಂ ಬೇರೆ, ಗಾತ್ರ ಬೇರೆ ಎಂದು ತಿಳಿಸಿ ಅವರ ಸಂತೋಷ ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಮಗಳು ಕೇಕ್ ಮಾಡಲು ಹೊರಟಾಗ ಮತ್ತೊಂದು ಅಳತೆ ಮನೆ ಹೊಕ್ಕಿತು: ಕಪ್ಪು. ಅಮೆರಿಕದ ಕಪ್ಪು ಸುಮಾರು 240 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನದು 200. ಅಮೆರಿಕದ ಕಪ್ಪಿನಲ್ಲೇ ಮೈದಾ ತುಂಬಿದರೆ ಸುಮಾರು 125 ಗ್ರಾಂ, ಸಕ್ಕರೆ ತುಂಬಿದರೆ 200. ಕಟಿಂಗ್ ಚಹಾದ ಗ್ಲಾಸಿಗೆ ಮಾತ್ರ ಯಾವ ದೇಶವೂ ಇನ್ನೂ ಮಾನ್ಯತೆ ಕೊಟ್ಟಿಲ್ಲ. ಕೇಕ್ ಉಬ್ಬಲಿಲ್ಲ, ಬಿಡಿ.

ಇವೆಲ್ಲ ಅಡುಗೆಮನೆಯೊಳಗಿನ ಗೊಂದಲ. ತೂಕ ಮತ್ತು ಗಾತ್ರದ ಸಂಬಂಧವನ್ನು ನಿಜಕ್ಕೂ ಅರಗಿಸಿಕೊಂಡವರು ಎಣ್ಣೆ ತುಂಬುವ ಕಂಪನಿಗಳವರು. ಕಾದಂತೆ ಎಣ್ಣೆ ಹಿಗ್ಗುತ್ತದೆ ಎಂದು ನಾವೂ ಶಾಲೆಯಲ್ಲಿ ಉರು ಹೊಡೆದಿದ್ದೆವು. ಪರೀಕ್ಷೆ ಮುಗಿದ ಮೇಲೆ ಮರೆತೆವು. ಅವರು ಮರೆಯಲಿಲ್ಲ. ಒಂದು ಲೀಟರ್ ಸೋಯಾ ಎಣ್ಣೆ 30 ಡಿಗ್ರಿಯಲ್ಲಿ ಸುಮಾರು 913 ಗ್ರಾಂ ತೂಗಿದರೆ, 60 ಡಿಗ್ರಿಯಲ್ಲಿ ತೂಗುವುದು ಸುಮಾರು 893. ಹಾಗಾಗಿ ಕೆಲವರು ಪ್ಯಾಕೆಟ್ಟಿನ ಮೇಲೆ ‘ಒಂದು ಲೀಟರ್’ ಎಂದು ದಪ್ಪಕ್ಷರದಲ್ಲಿ ಬರೆದು, ಇರುವೆ ಓದುವಷ್ಟು ಸಣ್ಣದಾಗಿ ‘60 ಡಿಗ್ರಿಯಲ್ಲಿ’ ಎಂದು ಸೇರಿಸಿದರು. ಸುಳ್ಳೇನಿಲ್ಲ. ಪೂರ್ತಿ ಲೀಟರು ಬೇಕಾದವರು ಪ್ಯಾಕೆಟ್ಟನ್ನು ಅರವತ್ತು ಡಿಗ್ರಿಗೆ ಕಾಯಿಸಿಕೊಳ್ಳಬೇಕು, ಅಷ್ಟೆ.

ಅರವತ್ತು ಡಿಗ್ರಿ ಯಾವ ಊರಿನಲ್ಲಿದೆಯೋ ಕಾಣೆ. ಮೇ ತಿಂಗಳ ಮುಂಬಯಿಯಲ್ಲಿ ನಾವು ಬೆವರಿನಲ್ಲೇ ಬೇಯುತ್ತೇವಾದರೂ ಪಾದರಸ 40 ದಾಟುವುದು ಅಪರೂಪ. ಸಂಜೆ ಆರೂವರೆಯ ವಿರಾರ್ ಲೋಕಲ್ಲಿನ ಬಾಗಿಲ ಬಳಿ ಅಷ್ಟು ಶಾಖ ಇದ್ದೀತು. ಆದರೆ ಅಲ್ಲಿ ಜನರನ್ನು ತುಂಬುತ್ತಾರೆ, ಎಣ್ಣೆಯನ್ನಲ್ಲ. ತಣ್ಣಗಾಗಿ ನಮ್ಮ ಕಪಾಟು ಸೇರುವ ಹೊತ್ತಿಗೆ ಪೂರ್ತಿ ಲೀಟರಿಗೆ ಕಡಿಮೆ ಬೀಳುವುದು ಇಪ್ಪತ್ತು ಗ್ರಾಂ ಚಿಲ್ಲರೆ. ಒಂದು ದಿನದ ಸಾರಿನ ಒಗ್ಗರಣೆಗೆ ಧಾರಾಳವಾಯಿತು. ದೇಶದ ಅಷ್ಟೂ ಮನೆಗಳ ಒಗ್ಗರಣೆ ಹೀಗೆ ಒಂದೇ ಬಾಣಲೆಗೆ ಬಿದ್ದರೆ ಸಾಸಿವೆ ಎಷ್ಟು ಜೋರಾಗಿ ಸಿಡಿಯಬಹುದು!

ಕೊನೆಗೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಗೂ ಸೆಕೆ ತಟ್ಟಿತು. ಡಿಗ್ರಿಯ ಮಾತೆತ್ತದೆ ಗಾತ್ರವನ್ನೂ ಅದಕ್ಕೆ ತಕ್ಕ ತೂಕವನ್ನೂ ಮುದ್ರಿಸಿ ಎಂದು ಅದು ಆಜ್ಞಾಪಿಸಿತು. ತಿದ್ದಿಕೊಳ್ಳಲು 2023ರ ಜನವರಿ 15ರವರೆಗೆ ಸಮಯ. ಅರವತ್ತರಿಂದ ಇಳಿದು ತಣ್ಣಗಾಗಲು ಎಣ್ಣೆಗೆ ಒಂದು ರಾತ್ರಿ ಸಾಕು. ಮುದ್ರಣಕ್ಕೆ ಚಳಿಗಾಲವೇ ಬರಬೇಕಾಯಿತು.

ಆ ಕಾಲದ ಐದು ಲೀಟರಿನ ಖಾಲಿ ಡಬ್ಬಿಯೊಂದು ನಮ್ಮ ಬಾಲ್ಕನಿಯಲ್ಲಿ ಇನ್ನೂ ಇದೆ. ಬಾಯಿ ಕತ್ತರಿಸಿ, ಅಮ್ಮ ಅದರಲ್ಲಿ ಕರಿಬೇವು ನೆಟ್ಟಿದ್ದಾರೆ. ಮೊನ್ನೆ ನೀರು ಹಾಕುತ್ತಾ ಕನ್ನಡಕ ಏರಿಸಿ ಅದರ ಚೀಟಿಯನ್ನು ಓದಲು ಹೆಣಗಿದರು.

“ಇಷ್ಟೆಲ್ಲ ಬರೆದಿದ್ದಾರಲ್ಲೋ, ಇದರಲ್ಲಿ ಕೊಸರು ಎಲ್ಲಿದೆ?”

ನಾನು ಅರವತ್ತು ಡಿಗ್ರಿ ಎಂದು ಬರೆದಿದ್ದ ಕಡೆ ಬೆರಳಿಟ್ಟು ತೋರಿಸಿದೆ.